ಕಾಯಿಯಲ್ಲದ ಕಾಯಿ

ಗ್ರಂಥಿಗೆ ಅಂಗಡಿಯ ಡಬ್ಬಿಗಳ ಸಾಲಿನಲ್ಲಿ ಮಾಚಿಕಾಯಿ ಎಂಬುದೊಂದಿರುತ್ತದೆ. ಗೋಲಿಯಷ್ಟು ಗಾತ್ರ, ಬೂದು ಬೆರೆತ ಹಸಿರು ಬಣ್ಣ, ಮೈಮೇಲೆ ಅಲ್ಲಲ್ಲಿ ಮೊಂಡು ಮೊನೆಗಳು. ನಾಲಗೆಗೆ ಮುಟ್ಟಿಸಿದರೆ ಸಾಕು, ಬಾಯೆಲ್ಲ ಒಗರಾಗಿ ಬಿಗಿದುಕೊಳ್ಳುತ್ತದೆ. ಹಿಂದೆ ಎಳೆಯ ಮಕ್ಕಳಿದ್ದ ಮನೆಗಳಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿಗಳ ಜೊತೆಗೆ ಇದನ್ನೂ ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇದು ಮಗುವಿನ ನಾಲಗೆಗೆ ಸವರುತ್ತಿದ್ದರು. ಇಂದಿನ ವೈದ್ಯರು ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವೆನ್ನುತ್ತಾರೆ. ಆ ಮಾತನ್ನು ಮೀರಲು ನಾನು ಹೇಳುವವನಲ್ಲ. ನಾನು ಹೇಳಹೊರಟಿರುವುದು ಬೇರೊಂದು ಸಂಗತಿ. ಮಾಚಿಕಾಯಿಯನ್ನು ಕೊಳ್ಳುವಾಗ ಬಲ್ಲ ಮುದುಕಿಯರು ಅದನ್ನು ಒಂದೊಂದಾಗಿ ತಿರುವಿ ನೋಡಿ, ತೂತು ಬಿದ್ದುದನ್ನು ಹಿಂದಕ್ಕೆ ಹಾಕಿ, ತೂತಿಲ್ಲದ್ದನ್ನೇ ಆರಿಸಿಕೊಳ್ಳುತ್ತಿದ್ದರು. ತೂತು ಬಿದ್ದುದು ಹುಳುಕು ಎಂಬುದು ಅವರ ಎಣಿಕೆ. ವಾಸ್ತವವಾಗಿ ತೂತು ಬಿದ್ದುದರಿಂದ ಹುಳು ಹೊರಟುಹೋಗಿರುತ್ತದೆ. ತೂತಿಲ್ಲದ್ದರಲ್ಲಿಯೇ ಅದು ಇನ್ನೂ ಒಳಗೆ ಇರುವುದು!

ಏಕೆಂದರೆ ಮಾಚಿಕಾಯಿ ಕಾಯಿಯೇ ಅಲ್ಲ. ಅದಕ್ಕೆ ಹೂವಿಲ್ಲ, ಬೀಜವಿಲ್ಲ. ತುರ್ಕಿ, ಸಿರಿಯಾ, ಇರಾಣ ದೇಶಗಳ ಬೆಟ್ಟಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ಎಳೆಯ ರೆಂಬೆಯಲ್ಲಿ ಸಣ್ಣ ಕಣಜವೊಂದು ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಟ ಮರಿಯ ಸುತ್ತ ಮರವೇ ಉಬ್ಬಿ ಬೆಳೆದು ಗೋಡೆ ಕಟ್ಟುತ್ತದೆ. ಮರಿಗೆ ಆ ಗೋಡೆಯೇ ಮನೆ, ಅದರ ಒಳಪದರವೇ ಅನ್ನ. ಬೆಳೆದ ಮೇಲೆ ಅದು ರೆಕ್ಕೆಯುಳ್ಳ ಕಣಜವಾಗಿ ಗೋಡೆಗೆ ಕನ್ನ ಕೊರೆದು ಹಾರಿಹೋಗುತ್ತದೆ. ಹಾರಿಹೋಗುವ ಮೊದಲೇ ಕಿತ್ತದ್ದು ನೀಲಿ ಅಥವಾ ಹಸಿರು ಮಾಚಿಕಾಯಿ. ಅದಕ್ಕೆ ಬೆಲೆ ಹೆಚ್ಚು. ಕನ್ನ ಬಿದ್ದ ಮೇಲೆ ಸಿಕ್ಕಿದ್ದು ಬಿಳಿ ಮಾಚಿಕಾಯಿ. ಅದರಲ್ಲಿ ಒಗರಿನ ಸತ್ತ್ವ ಕಡಿಮೆ. ಮುದುಕಿಯರ ಕಾರಣ ತಪ್ಪಾಗಿತ್ತು, ಆಯ್ಕೆ ಮಾತ್ರ ಸರಿಯಾಗಿತ್ತು.

ಹೆಸರಿನ ವಿಷಯದಲ್ಲಿ ಒಂದು ಮಾತು. ಕನ್ನಡ ಪಂಡಿತನಿಗೆ ಇಷ್ಟು ಸಲಿಗೆಯನ್ನು ವಾಚಕರು ಕೊಡಬೇಕು. ನಿಘಂಟುಗಳಲ್ಲಿ ಇದಕ್ಕೆ ಮಾಯಾಫಲ, ಮಾಯಿಫಲ ಎಂಬ ಸಂಸ್ಕೃತ ಹೆಸರುಗಳಿವೆ. ಕಾಯಿಯಲ್ಲದೆ ಕಾಯಿಯಂತೆ ತೋರುವುದಕ್ಕೆ ಮಾಯಾಫಲವೆಂದು ಎಷ್ಟು ಚೆನ್ನಾಗಿ ಹೆಸರಿಟ್ಟರು ನಮ್ಮ ಹಿರಿಯರು ಎಂದು ಹಿಗ್ಗಬೇಕೆನಿಸುತ್ತದೆ. ಆದರೆ ಪಾರಸಿಯಲ್ಲಿ ಈ ವಸ್ತುವಿಗೆ ಮಾಜೂ ಎಂದು ಹೆಸರು. ಸರಕು ಸಮುದ್ರ ದಾಟಿ ಬಂದಾಗ ಹೆಸರೂ ಕೂಡಿ ಬಂದಿತು. ಹಿಂದಿಯಲ್ಲಿ ಮಾಜುಫಲ್ ಆಯಿತು, ತಮಿಳಿನಲ್ಲಿ ಮಾಸಿಕ್ಕಾಯ್ ಆಯಿತು, ನಮ್ಮಲ್ಲಿ ಮಾಚಿಕಾಯಿ ಆಯಿತು. ಪಂಡಿತರು ಅದಕ್ಕೊಂದು ಸಂಸ್ಕೃತದ ಪಂಚೆ ಉಡಿಸಿದರು, ಅಷ್ಟೆ. ಮಾಚಿಪತ್ರೆಗೂ ಇದಕ್ಕೂ ಯಾವ ನಂಟೂ ಇಲ್ಲ. ಇನ್ನೊಂದು ಇಂಥದೇ ಸರಕು ಕರ್ಕಟಕಶೃಂಗಿ. ಏಡಿಯ ಕೊಂಬಿನಂತೆ ಬಾಗಿರುವ ಅದು ಹಿಮಾಲಯದ ತಪ್ಪಲಿನ ಮರವೊಂದರ ಮೇಲೆ ಹೇನಿನಂಥ ಹುಳುಗಳು ಎಬ್ಬಿಸಿದ ಗಂಟು. ಚರಕನ ಕಾಲದಿಂದಲೂ ಕೆಮ್ಮಿಗೆ ಔಷಧವಾಗಿ ಬಂದಿರುವುದು.

ಈ ಗಂಟಿನೊಳಗೆ ಹುಳು ಬಂದುದಾದರೂ ಹೇಗೆ? ಹೊರಗಿನಿಂದ ನೋಡಿದರೆ ಎಲ್ಲಿಯೂ ಬಾಗಿಲಿಲ್ಲ. ಒಡೆದರೆ ಒಳಗೆ ಜೀವವಿದೆ. ಸಾವಿರಾರು ವರ್ಷ ಮನುಷ್ಯನ ಬುದ್ಧಿಯನ್ನು ಈ ಪ್ರಶ್ನೆ ಕಾಡಿದೆ. ಯೂರೋಪಿನ ಹಳ್ಳಿಗರು ಗಂಟನ್ನು ಒಡೆದು ವರ್ಷಫಲ ನೋಡುತ್ತಿದ್ದರು: ನೊಣ ಕಂಡರೆ ಯುದ್ಧ, ಹುಳು ಕಂಡರೆ ಕ್ಷಾಮ, ಜೇಡ ಕಂಡರೆ ಸಾಂಕ್ರಾಮಿಕ ರೋಗ. ಒಳ್ಳೆಯ ಫಲ ಹೇಳುವ ಪ್ರಾಣಿ ಬಹಳ ಅಪರೂಪವೆಂದು ಕಾಣುತ್ತದೆ. ಈ ದೃಷ್ಟಿಯಿಂದ ನಮ್ಮ ಯುಗಾದಿಯ ಪಂಚಾಂಗವೇ ವಾಸಿ.

ಇಟಲಿಯಲ್ಲಿ ಫ್ರಾಂಚೆಸ್ಕೊ ರೆಡಿ ಎಂಬ ವೈದ್ಯನಿದ್ದನು. ಕೊಳೆತ ಮಾಂಸದಲ್ಲಿ ಹುಳು ತಾನಾಗಿಯೇ ಹುಟ್ಟುತ್ತದೆಂಬ ನಂಬಿಕೆಯನ್ನು 1668ರಲ್ಲಿ ಪ್ರಯೋಗದಿಂದ ಮುರಿದವನು ಆತನೇ. ಪಾತ್ರೆಯ ಬಾಯಿಗೆ ತೆಳುಬಟ್ಟೆ ಕಟ್ಟಿ, ನೊಣ ಕೂರದ ಮಾಂಸದಲ್ಲಿ ಹುಳು ಆಗುವುದಿಲ್ಲವೆಂದು ತೋರಿಸಿದನು. ಅಷ್ಟು ಜಾಣನಾದರೂ ಮರದ ಗಂಟಿನ ಬಳಿ ಎಡವಿದನು. ಗಂಟಿನೊಳಗಿನ ಹುಳುವನ್ನು ಮರದ ಜೀವಶಕ್ತಿಯೇ ಹುಟ್ಟಿಸುತ್ತದೆಂದು ಅವನು ಬರೆದನು. ಹನ್ನೊಂದು ವರ್ಷಗಳ ಬಳಿಕ, 1679ರಲ್ಲಿ, ಬೊಲೊನ್ಯದ ಮಾರ್ಚೆಲ್ಲೊ ಮಾಲ್ಪೀಘಿ ತನ್ನ ಸಸ್ಯಶಾರೀರ ಗ್ರಂಥದ ಎರಡನೆಯ ಭಾಗದಲ್ಲಿ ಗಂಟುಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಆತ ಸೂಕ್ಷ್ಮದರ್ಶಕದ ಮನುಷ್ಯ. ಕಪ್ಪೆಯ ಶ್ವಾಸಕೋಶದಲ್ಲಿ ರಕ್ತ ಹರಿಯುವ ಕೂದಲೆಳೆಯಂಥ ನಾಳಗಳನ್ನು ಮೊದಲು ಕಂಡವನು. ತಾಯಿಕೀಟವು ಎಳೆಯ ಸಸ್ಯವನ್ನು ಚುಚ್ಚಿ ಮೊಟ್ಟೆಯಿಡುವುದನ್ನೂ, ಅಲ್ಲಿಂದ ಗಂಟು ಏಳುವುದನ್ನೂ ಅವನು ಚಿತ್ರ ಸಹಿತ ವಿವರಿಸಿದನು. ಮೊಟ್ಟೆಯೊಡನೆ ತಾಯಿ ಒಂದು ತೊಟ್ಟು ರಸವನ್ನು ಬಿಡುತ್ತದೆ. ಆ ರಸದಿಂದ ಸಸ್ಯ ಹುದುಗೆದ್ದು ಊದುತ್ತದೆ ಎಂಬುದು ಅವನ ವಾದ. ಅವನ ಶಿಷ್ಯ ವಾಲಿಸ್ನೇರಿಯ ಕಾಲಕ್ಕೆ ರೆಡಿಯ ಮಾತಿಗೆ ಬೆಲೆಯುಳಿಯಲಿಲ್ಲ.

ತಾಯಿಯೋ ಮರಿಯೋ, ಮನೆ ಕಟ್ಟುವವರು ಯಾರು ಎಂಬ ಪ್ರಶ್ನೆ ಮಾತ್ರ ಇನ್ನೂ ಇನ್ನೂರು ವರ್ಷ ಹಾಗೆಯೇ ಉಳಿಯಿತು. ಅದನ್ನು ಬಿಡಿಸಿದವನು ಹಾಲೆಂಡ್ ದೇಶದ ಮಾರ್ಟಿನಸ್ ಬೈಯರಿಂಕ್. ವಾಗನಿಂಗನ್ ಊರಿನ ಕೃಷಿಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. (ಉಪಾಧ್ಯಾಯರೆಂದರೆ ನನಗೆ ತುಸು ಪಕ್ಷಪಾತವಿದೆಯೆಂದು ಬೇರೆ ಹೇಳಬೇಕಾಗಿಲ್ಲ.) 1882ರಲ್ಲಿ ಅವನು ಓಕ್ ಮರದ ಗಂಟುಗಳನ್ನು ಪರೀಕ್ಷಿಸಿದನು. ಅಲ್ಲಿ ತಾಯಿ ಚುಚ್ಚಿದರೆ ಏನೂ ಆಗುವುದಿಲ್ಲ; ಮೊಟ್ಟೆಯೊಳಗೆ ಮರಿ ಬೆಳೆದ ಮೇಲೆಯೇ ಮರ ಊದತೊಡಗುತ್ತದೆ. ಹಾಗಾದರೆ ಮಾಲ್ಪೀಘಿ ಹೇಳಿದ್ದು ಸುಳ್ಳೆ? ಆರು ವರ್ಷಗಳ ಅನಂತರ, 1888ರಲ್ಲಿ, ಬೈಯರಿಂಕ್ ವಿಲೋ ಮರದ ಗಂಟಿಗೆ ಕೈಯಿಟ್ಟನು.

ವಿಲೋ ಎಂದರೆ ಕ್ರಿಕೆಟ್ ವೀಕ್ಷಕವಿವರಣೆ ಕೇಳುವ ಪ್ರತಿಯೊಬ್ಬರಿಗೂ ತಿಳಿದದ್ದೇ. ಬ್ಯಾಟು ಮಾಡುವ ಮರ. ಸಂಸ್ಕೃತ ಕವಿಗಳ ವೇತಸವನ್ನು ಕೆಲವರು ಇದೇ ಕುಲದ್ದೆಂದೂ ಕೆಲವರು ಬೆತ್ತವೆಂದೂ ಹೇಳುತ್ತಾರೆ. ಅಮರಸಿಂಹನು ವೇತಸದ ಹೆಸರುಗಳಲ್ಲಿ ವಾನೀರ, ವಂಜುಲಗಳನ್ನು ಸೇರಿಸಿದ್ದಾನೆ. ನಮ್ಮ ಪಶ್ಚಿಮಘಟ್ಟದ ಹೊಳೆಯ ದಡಗಳಲ್ಲಿಯೂ ಈ ಕುಲದ ಒಂದು ಮರವುಂಟು. ಅದರ ಕನ್ನಡದ ಹೆಸರು ನೀರವಂಜಿ. ವಂಜುಲವೇ ಸವೆದು ವಂಜಿಯಾಗಿ ನೀರಿಗೆ ಇಳಿದಿದೆಯೆಂದು ನನ್ನ ಊಹೆ. ಶೀತದೇಶಗಳ ವಿಲೋ ಮರಗಳಿಗೆ ಒಂದು ವಿಶೇಷ ಜಾತಿಯ ಕೀಟ ಅಂಟಿಕೊಂಡಿದೆ. ಅದನ್ನು ಗರಗಸ ನೊಣವೆನ್ನುತ್ತಾರೆ. ನೊಣವೆಂದು ಹೆಸರಾದರೂ ಅದು ಜೇನು, ಕಣಜ, ಇರುವೆಗಳ ವರ್ಗಕ್ಕೆ ಸೇರಿದ್ದು. ಕಣಜದ ಸಣ್ಣ ನಡು ಮಾತ್ರ ಇದಕ್ಕಿಲ್ಲ. ಹೆಣ್ಣಿನ ಹಿಂಬದಿಯಲ್ಲಿ ಹಲ್ಲುಹಲ್ಲಾದ ಒಂದು ಸಣ್ಣ ಗರಗಸವಿದೆ. ಅದರಿಂದ ಎಲೆಯನ್ನೋ ಚಿಗುರನ್ನೋ ಕೊಯ್ದು ಮೊಟ್ಟೆಯನ್ನು ಒಳಗಿರಿಸುತ್ತದೆ. ಸಾಸಿವೆ, ಮೂಲಂಗಿ ಬೆಳೆಯುವವರಿಗೆ ಇದರ ದಾಯಾದಿಯ ಪರಿಚಯವಿರಬಹುದು. ಎಲೆಯನ್ನು ಜರಡಿ ಮಾಡುವ ಕಪ್ಪು ಹಸಿರಿನ ಹುಳುಗಳು ಸಾಸಿವೆಯ ಗರಗಸ ನೊಣದ ಮರಿಗಳು. ಅವು ಬಯಲಲ್ಲಿ ಮೇಯುತ್ತವೆ, ಮನೆ ಕಟ್ಟುವುದಿಲ್ಲ.

ವಿಲೋ ಚಿಗುರಿನ ಗರಗಸ ನೊಣಕ್ಕೆ ಶಾಸ್ತ್ರಜ್ಞರು ಯೂರ ಎಂದು ಹೆಸರಿಟ್ಟಿದ್ದಾರೆ. ವಸಂತದಲ್ಲಿ ಮರ ಚಿಗುರುವ ಹೊತ್ತಿಗೆ ಸರಿಯಾಗಿ ಅದು ಗಂಟಿನಿಂದ ಹೊರಬೀಳುತ್ತದೆ. ಅದರ ಬಾಳು ಕೆಲವೇ ದಿನ. ಆ ಕೆಲವು ದಿನಗಳಲ್ಲಿ ಚಿಗುರುಗಳನ್ನು ಆರಿಸಿ ಮೊಟ್ಟೆಯಿಟ್ಟು ಮುಗಿಸಬೇಕು. ಮರಿ ಗಂಟಿನೊಳಗೇ ಉಂಡು, ಬೆಳೆದು, ಹಿಮ ಸುರಿಯುವ ಚಳಿಗಾಲವನ್ನು ಒಳಗೇ ಕಳೆದು ಮರುವರ್ಷ ಹೊರಬರುತ್ತದೆ. ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ ಪೀಟರ್ ಪ್ರೈಸ್ ಎಂಬ ಪ್ರಾಧ್ಯಾಪಕರು ಈ ನೊಣವನ್ನು ವರ್ಷಗಟ್ಟಲೆ ಹಿಂಬಾಲಿಸಿ ಒಂದು ಸ್ವಾರಸ್ಯವನ್ನು ಕಂಡರು. ಕ್ರಿಮಿಕೀಟಗಳು ಬಡವಾದ, ಬಾಡಿದ ಗಿಡವನ್ನೇ ಹಿಡಿಯುತ್ತವೆಂದು ನಾವು ತಿಳಿದಿರುತ್ತೇವಷ್ಟೆ. ಈ ತಾಯಿ ಹಾಗಲ್ಲ. ಬಡಕಲು ಕಡ್ಡಿಯನ್ನು ಬಿಟ್ಟು, ಉದ್ದವಾಗಿ ದಷ್ಟಪುಷ್ಟವಾಗಿ ಎದ್ದ ಚಿಗುರನ್ನೇ ಆರಿಸಿಕೊಳ್ಳುತ್ತದೆ. ಅಲ್ಲಿಯೇ ಮರಿಗಳು ಬದುಕುವುದು ಹೆಚ್ಚು. 1991ರಲ್ಲಿ ಪ್ರೈಸ್ ಇದನ್ನೊಂದು ಸಾಮಾನ್ಯ ತತ್ತ್ವವಾಗಿ ಮಂಡಿಸಿದರು.

ಈಗ ಬೈಯರಿಂಕನ ಪ್ರಯೋಗ. ಗರಗಸ ನೊಣ ವಿಲೋ ಎಲೆಯಲ್ಲಿಟ್ಟ ಮೊಟ್ಟೆಯನ್ನು ಅವನು ಸೂಜಿಯಿಂದ ಚುಚ್ಚಿ ಕೊಂದನು. ಮರಿ ಹುಟ್ಟುವ ಸಂಭವವೇ ಇಲ್ಲ. ಆದರೂ ಗಂಟು ಏಳುವುದು ನಿಲ್ಲಲಿಲ್ಲ! ಇಲ್ಲಿ ಮನೆಗೆ ಅಡಿಗಲ್ಲಿಡುವವಳು ತಾಯಿ. ಮೊಟ್ಟೆಯೊಡನೆ ಸುರಿದ ತೊಟ್ಟು ರಸವೇ ಆ ಕೆಲಸಕ್ಕೆ ಸಾಕು. ಹೀಗೆ ಓಕ್ ಮರದ ವಿಷಯದಲ್ಲಿ ಸುಳ್ಳಾದ ಮಾಲ್ಪೀಘಿ ವಿಲೋ ಮರದ ವಿಷಯದಲ್ಲಿ ಇನ್ನೂರು ವರ್ಷಗಳ ಮೇಲೆ ನಿಜವಾದನು. 2012ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಸ್ಯಗಳು ತಮ್ಮ ಬೆಳವಣಿಗೆಗಾಗಿ ತಮ್ಮಲ್ಲಿಯೇ ಹುಟ್ಟಿಸಿಕೊಳ್ಳುವ ಆಕ್ಸಿನ್, ಸೈಟೊಕೈನಿನ್ ಎಂಬ ಪ್ರಚೋದಕ ದ್ರವ್ಯಗಳು ವಿಲೋ ಗರಗಸ ನೊಣದ ಮೈಯಲ್ಲಿ ಬಹಳವಾಗಿರುವುದನ್ನು ಅವರು ತೋರಿಸಿದರು. ಗಿಡದ ಭಾಷೆಯನ್ನು ಕೀಟ ಕಲಿತಿದೆಯೆಂದರೆ ತಪ್ಪಾಗದು. ಬೈಯರಿಂಕ್ ಮಾತ್ರ ಗಂಟುಗಳಲ್ಲೇ ನಿಲ್ಲಲಿಲ್ಲ. ಜೀವವಿಲ್ಲದಂತೆ ತೋರುವ ಒಂದು ರಸ ಜೀವಿಯೊಂದರ ಮೈಯನ್ನು ಮಾರ್ಪಡಿಸಬಲ್ಲುದೆಂಬ ವಿಚಾರ ಅವನಿಗೆ ಹೊಸದಾಗಿ ಉಳಿದಿರಲಿಲ್ಲ. 1898ರಲ್ಲಿ ಹೊಗೆಸೊಪ್ಪಿನ ಎಲೆರೋಗವನ್ನು ಶೋಧಿಸುತ್ತ, ಅದನ್ನು ಹರಡುವ ಸೋಸಿದರೂ ಸಿಕ್ಕದ ವಸ್ತುವನ್ನು ವೈರಸ್ ಎಂದು ಕರೆದವನು ಅವನೇ. 2020ರ ಪಿಡುಗಿನಲ್ಲಿ ಮನೆಮನೆಯ ಮಾತಾದ ಶಬ್ದವದು.

ಇಷ್ಟೆಲ್ಲ ಹಾಲೆಂಡಿನಲ್ಲಿ ನಡೆದರೆ ದಾಸನಕೊಪ್ಪದಲ್ಲಿ ನಮಗೇನು ಎಂದು ತಾವು ಕೇಳಬಹುದು. ನಮ್ಮದು ಶಿರಸಿ ತಾಲ್ಲೂಕಿನ ಮೂಡಣ ಮಗ್ಗುಲು. ಕಾಡು ಮುಗಿದು ಬಯಲು ತೊಡಗುವ ಅರೆಮಲೆನಾಡು. ಕೆರೆ, ಗದ್ದೆಗಳ ಸೀಮೆ. ಬನವಾಸಿಗೆ ಅಷ್ಟೇನೂ ದೂರವಲ್ಲ. ಆದಿಕವಿ ಪಂಪನು ಬನವಾಸಿಯ ಮಾವು ಮಲ್ಲಿಗೆ, ಕೋಗಿಲೆ ದುಂಬಿಗಳನ್ನು ನೆನೆದು ಹಂಬಲಿಸಿದ್ದಾನೆ. ಆ ಮಾವಿನ ಎಲೆಯ ಮೇಲಿನ ಗುಳ್ಳೆಗಳನ್ನು ಆತ ಹೇಳಿಲ್ಲ. ಕವಿಗೆ ಅದು ಬೇಕಾಗಿಯೂ ಇರಲಿಲ್ಲ. ತರಗತಿಯಲ್ಲಿ ತದ್ಭವ ತತ್ಸಮಗಳ ನಡುವೆ ಬಿಡುವು ಸಿಕ್ಕಾಗ ನಾನು ಹುಡುಗರಿಗೆ, ಊದಿದ ಎಲೆ ಕಂಡರೆ ತನ್ನಿ ಎಂದು ಹೇಳುವುದುಂಟು. ಅವರು ತರುವುದರಲ್ಲಿ ಮುಕ್ಕಾಲು ಪಾಲು ಹೊಂಗೆಯ ಎಲೆ. ಅದರ ಮೇಲಿನ ಬೆರಳಾಕಾರದ ಗಂಟುಗಳನ್ನು ಎಬ್ಬಿಸುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಮಾವಿನ ಗುಳ್ಳೆಗಳಲ್ಲಿರುವುದು ಸೊಳ್ಳೆಯಂಥ ಒಂದು ಪುಟ್ಟ ನೊಣದ ಮರಿ. ಅತ್ತಿಹಣ್ಣನ್ನು ಬಿಡಿಸಿದರೆ ಹುಳುವೆಂದು ಮೂಗು ಮುರಿಯುತ್ತಾರೆ. ಆದರೆ ಅತ್ತಿಯ ಒಳಗಿನ ಕೆಲವು ಹೂಗಳನ್ನು ಗಂಟಾಗಿಸಿ ಅಲ್ಲಿ ಮರಿಮಾಡುವ ಆ ಕಣಜ ಇಲ್ಲದಿದ್ದರೆ ಅತ್ತಿಗೆ ಪರಾಗವಿಲ್ಲ, ಬೀಜವಿಲ್ಲ. ಇಂಥ ಗಂಟುಗಳನ್ನೆಲ್ಲ ನಮ್ಮ ದೇಶದಲ್ಲಿ ಹುಡುಕಿ ಪಟ್ಟಿಮಾಡಿದವರು ತಂಜಾವೂರಿನ ಕಡೆಯವರಾದ ಎಂ. ಎಸ್. ಮಣಿ. ಆಗ್ರಾದ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಕೀಟಶಾಸ್ತ್ರದ ಶಾಲೆಯನ್ನು ಕಟ್ಟಿ, 1964ರಲ್ಲಿ ಗಂಟುಗಳ ಜೀವನಕ್ರಮವನ್ನು ಕುರಿತೂ 1973ರಲ್ಲಿ ಭಾರತದ ಗಂಟುಗಳನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿದರು.

ಆದರೆ ನಮ್ಮ ಸೀಮೆಯಲ್ಲಿ ಹೊಟ್ಟೆಗೆ ಹೊಡೆಯುವ ಗಂಟು ಭತ್ತದ್ದು. ಮಳೆಗಾಲದ ಗದ್ದೆಯಲ್ಲಿ ಕೆಲವು ತೆಂಡೆಗಳು ಎಲೆ ಬಿಚ್ಚದೆ, ಈರುಳ್ಳಿಯ ಎಲೆಯಂತೆ ಟೊಳ್ಳಾದ ಬೆಳ್ಳನೆಯ ಕೊಳವೆಯಾಗಿ ಏಳುವುದನ್ನು ರೈತರೆಲ್ಲ ಕಂಡಿದ್ದಾರೆ. ಹಾಗೆ ಕೊಳವೆಯಾದ ತೆಂಡೆ ತೆನೆ ಬಿಡುವುದಿಲ್ಲ. ಇದು ಕಣೆ ನೊಣದ ಕೆಲಸ. ಬಿಹಾರದ ಮುಂಗೇರ್ ಸೀಮೆಯಲ್ಲಿ 1880ರಲ್ಲಿ ಈ ಪೀಡೆ ವರದಿಯಾಯಿತು. 1889ರಲ್ಲಿ ವುಡ್-ಮೇಸನ್ ಇದಕ್ಕೆ ಶಾಸ್ತ್ರೀಯ ನಾಮ ಕೊಟ್ಟನು. ಇಲ್ಲಿ ಬೈಯರಿಂಕನ ಪ್ರಶ್ನೆಯನ್ನು ಕೇಳಿನೋಡಿ: ಗಂಟು ಕಟ್ಟುವುದು ತಾಯಿಯೋ ಮರಿಯೋ? ಇಲ್ಲಿ ಮರಿಯೇ. ತಾಯಿ ಮೊಟ್ಟೆಯನ್ನು ಎಲೆಯ ಮೇಲೆ ಇಟ್ಟು ಹೊರಟುಹೋಗುತ್ತದೆ. ಮರಿ ಅಲ್ಲಿಂದ ಎಲೆಯ ಮೇಲಿನ ತೇವವನ್ನು ಹಿಡಿದು ತೆವಳಿ, ಎರಡು ಪದರಗಳ ನಡುವೆ ಇಳಿದು, ಬುಡದ ಸುಳಿಯನ್ನು ಮುಟ್ಟಿದರೆ ಮಾತ್ರ ಕೊಳವೆ ಏಳುತ್ತದೆ. ದಾರಿಯಲ್ಲಿ ಒಣಗಿದರೆ ಕಥೆ ಮುಗಿಯಿತು. ಆದ್ದರಿಂದಲೇ ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದ ವರ್ಷ ಇದರ ಹಾವಳಿ ಹೆಚ್ಚು. ಮೊದಲೇ ನಾಟಿಮಾಡಿದ ಗದ್ದೆ ಎಷ್ಟೋ ಪಾರಾಗುತ್ತದೆ, ತಡವಾದುದು ಸಿಕ್ಕಿಬೀಳುತ್ತದೆ. ಹಿರಿಯರು ಹದ ಮೀರಬಾರದೆಂದು ಅವಸರಪಡಿಸುತ್ತಿದ್ದುದರಲ್ಲಿ ಈ ಲೆಕ್ಕವೂ ಸೇರಿದ್ದಿರಬೇಕು. ಈ ನೊಣವನ್ನು ತಡೆಯುವ ಫಾಲ್ಗುಣ, ಸುರೇಖಾ ಮೊದಲಾದ ತಳಿಗಳು ಬಂದವು. ಕೆಲವೇ ವರ್ಷಗಳಲ್ಲಿ ಅವನ್ನೂ ಜಯಿಸುವ ನೊಣದ ಪಂಗಡಗಳು ಹುಟ್ಟಿಕೊಂಡವು. ನಮ್ಮ ಪಕ್ಷ ವಹಿಸುವವನೂ ಒಬ್ಬನಿದ್ದಾನೆ. ಕಣೆ ನೊಣದ ಮರಿಯ ಒಳಗೇ ತನ್ನ ಮರಿಗಳನ್ನು ಬೆಳೆಸಿ ಅದನ್ನು ತೀರಿಸುವ ಒಂದು ಕಡುಸಣ್ಣ ಕಣಜ. ಗದ್ದೆಗೆ ಕಂಡಕಂಡ ವಿಷವನ್ನು ಸುರಿದರೆ ಮೊದಲು ಸಾಯುವವನು ಬಯಲಲ್ಲಿ ಹಾರುವ ಈ ಗೆಳೆಯ. ಕೊಳವೆಯೊಳಗಿನ ಕಳ್ಳ ಬೆಚ್ಚಗೆ ಇರುತ್ತಾನೆ.

ಮಾಚಿಕಾಯಿಗೆ ಹಿಂದಿರುಗೋಣ. ಅದು ಪರದೇಶದ ಸರಕು. ಅದಕ್ಕೆ ಸರಿಸಾಟಿಯಾದುದು ನಮ್ಮ ಕಾಡಿನಲ್ಲಿಯೇ ಇತ್ತು. ತ್ರಿಫಲೆಯ ಮೂರು ಕಾಯಿಗಳಲ್ಲಿ ಹಿರಿಯದಾದ ಅಳಲೆ. ಅಳಲೆಯ ಎಳೆಯ ಎಲೆಗಳ ಮೇಲೆ ಕೀಟ ಚುಚ್ಚಿದ ಕಡೆ ಟೊಳ್ಳಾದ ಗಂಟುಗಳು ಏಳುತ್ತವೆ. ತಮಿಳರು ಇವನ್ನು ಕಡುಕ್ಕಾಯ್‌ಪೂ, ಎಂದರೆ ಅಳಲೆಹೂ, ಎಂದರು. ಕಾಯಿಯಲ್ಲದ್ದನ್ನು ನಾವು ಕಾಯಿಯೆಂದಂತೆ ಅವರು ಹೂವಲ್ಲದ್ದನ್ನು ಹೂವೆಂದರು. ಕಂಪನಿ ಸರಕಾರದ ಸಸ್ಯಶಾಸ್ತ್ರಿಯಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ತೀರದ ಗಿಡಗಳನ್ನು ಕುರಿತು 1795ರಿಂದ ಪ್ರಕಟಿಸುತ್ತ ಬಂದ ಗ್ರಂಥದಲ್ಲಿ ಇವುಗಳ ಪ್ರಸ್ತಾಪವಿದೆ. ಅವುಗಳಿಂದ ಓಕ್ ಗಂಟಿನಷ್ಟೇ ಒಳ್ಳೆಯ ಶಾಯಿಯಾಗುತ್ತದೆಂದೂ, ಚೀಟಿಬಟ್ಟೆಗೆ ಚಿತ್ರ ಬರೆಯುವವರಿಗೆ ಅತ್ಯುತ್ತಮವಾದ ಬಾಳಿಕೆಯ ಹಳದಿ ಬಣ್ಣ ಸಿಗುವುದು ಅವುಗಳಿಂದಲೇ ಎಂದೂ ಆತ ಬರೆದನು. ಆ ಬಟ್ಟೆಗಳ ಕಪ್ಪು ಗೆರೆಗಳಿಗೂ ಅಳಲೆಯೇ ಬೇಕು. ಅರಿವೆಯನ್ನು ಅಳಲೆಕಾಯಿಯ ನೀರಿನಲ್ಲಿ ನೆನೆಸಿ ಒಣಗಿಸಿ, ಬೆಲ್ಲದ ನೀರಿನಲ್ಲಿ ತುಕ್ಕುಕಬ್ಬಿಣ ಹಾಕಿ ಹುಳಿಯಿಸಿದ ರಸದಿಂದ ಗೆರೆಯೆಳೆದರೆ, ಎಳೆದಂತೆಯೇ ಅದು ಕಪ್ಪಾಗುತ್ತದೆ.

ಉತ್ತರ ಕನ್ನಡದ ಕಾಡಿನ ಅಳಲೆಕಾಯಿ ಒಂದು ಕಾಲದಲ್ಲಿ ದೊಡ್ಡ ವ್ಯಾಪಾರದ ವಸ್ತು. ಮುಂಬಯಿಯಿಂದ ಹಡಗೇರಿ ಇಂಗ್ಲೆಂಡಿನ ಚರ್ಮ ಹದಮಾಡುವ ಕಾರ್ಖಾನೆಗಳನ್ನು ಸೇರುತ್ತಿದ್ದ ಕಾಯಿಗಳಲ್ಲಿ ನಮ್ಮ ಘಟ್ಟದ ಕಾಯಿಗಳೂ ಇದ್ದವು. ಆಯ್ದವರಿಗೆ ದಕ್ಕಿದುದೆಷ್ಟು ಎಂದು ಕೇಳಬೇಡಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಧಿಪತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯಿದೆಯ ಮೇಲೆ ಕಾಡಿಗೆ ಬೇಲಿ ಬಿದ್ದಿತು. 1927ರ ಭಾರತೀಯ ಅರಣ್ಯ ಕಾಯಿದೆಯ ಎರಡನೆಯ ಕಲಮನ್ನು ತೆರೆದರೆ ಅರಣ್ಯೋತ್ಪನ್ನವೆಂಬುದರ ಅರ್ಥವಿವರಣೆಯಲ್ಲಿ ನಾಟಾ, ಇದ್ದಿಲು, ಅರಗುಗಳ ಸಾಲಿನಲ್ಲಿ ಅಳಲೆಕಾಯಿಯ ಹೆಸರೂ ಇದೆ. ಕಾಡಿನಲ್ಲಿ ಸಿಕ್ಕಿರಲಿ ಸಿಕ್ಕದಿರಲಿ, ಅದು ಅರಣ್ಯೋತ್ಪನ್ನವೇ ಎಂದು ಕಾಯಿದೆ ಹೇಳುತ್ತದೆ. ಸ್ವಂತ ಬೇಣದ ಮರದಡಿ ಬಿದ್ದ ಕಾಯಿಯನ್ನು ಮಡಿಲಿಗೆ ಹಾಕಿಕೊಂಡ ಹೆಂಗಸಿಗೆ ಈ ಕಲಮನ್ನು ಓದಿ ಹೇಳುವವರು ಯಾರಿದ್ದರೋ!

ಇನ್ನು ಶಾಯಿ. ನೆಲ್ಲಿಕಾಯಿಯನ್ನು ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದರೆ ಅಲಗೂ ಕಪ್ಪು, ಕಾಯಿಯೂ ಕಪ್ಪು. ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದರೂ ಹಾಗೆಯೇ. ಒಗರು ಮತ್ತು ಕಬ್ಬಿಣ ಕೂಡಿದರೆ ಕಪ್ಪು ಎಂಬ ಈ ಅಡಿಗೆಮನೆಯ ರಸಾಯನವೇ ಶಾಯಿಯ ರಹಸ್ಯ. ರೋಮಿನ ಪ್ಲಿನಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಗಂಟಿನ ರಸದಲ್ಲಿ ನೆನೆಸಿದ ಕಾಗದದಿಂದ ಔಷಧದ ಕಲಬೆರಕೆಯನ್ನು ಪತ್ತೆಮಾಡುವ ಉಪಾಯವನ್ನು ಬರೆದಿಟ್ಟಿದ್ದಾನೆ. ಕಬ್ಬಿಣದ ಲವಣ ಬೆರೆತಿದ್ದರೆ ಕಾಗದ ಕಪ್ಪಾಗುತ್ತದೆ. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನೂ ಒಂದಿಷ್ಟು ಗೋಂದನ್ನೂ ಸೇರಿಸಿದರೆ ಶಾಯಿ ಸಿದ್ಧ. ಹೆಂಗಸರು ಹಲ್ಲಿಗೆ ಹಚ್ಚಿಕೊಳ್ಳುತ್ತಿದ್ದ ಮಿಸ್ಸಿಯಲ್ಲಿ ಇದ್ದುದೂ ಇವೇ ದ್ರವ್ಯಗಳು. ಬರೆಯುವಾಗ ಈ ಶಾಯಿ ಪೇಲವ. ಗಾಳಿ ತಾಗಿದಂತೆಲ್ಲ ಕಪ್ಪೇರಿ, ಕಾಗದದ ನಾರಿನೊಳಗೆ ಇಳಿದು ಕೂರುತ್ತದೆ. ತೊಳೆದರೆ ಹೋಗದು, ಕೆರೆದರೂ ಕುರುಹು ಉಳಿಯುತ್ತದೆ. ಕಂದಾಯದ ಕಚೇರಿಗಳೂ ನ್ಯಾಯಾಲಯಗಳೂ ಇದನ್ನೇ ಮೆಚ್ಚಿದ್ದಕ್ಕೆ ಕಾರಣ ಅದು. ಬರೆದಾಗ ನೀಲಿಯಾಗಿದ್ದು ನಾಲ್ಕು ದಿನದ ಮೇಲೆ ಕಪ್ಪಾಗುತ್ತಿದ್ದ ಬ್ಲೂ-ಬ್ಲ್ಯಾಕ್ ಶಾಯಿ ತಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅದೂ ಇದೇ ವಂಶದ್ದು.

ನಮ್ಮ ಹಳೆಯ ಬರವಣಿಗೆಯ ಪದ್ಧತಿ ಬೇರೆ. ಓಲೆಗರಿಯಲ್ಲಿ ಕಂಠದಿಂದ ಕೊರೆದು ಕಾಡಿಗೆ ತೀಡುತ್ತಿದ್ದರು. ಲೆಕ್ಕಕ್ಕೆ ಕಡತವಿತ್ತು: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಕಪ್ಪು ಪುಸ್ತಕ; ಅದರ ಮೇಲೆ ಬಳಪದಿಂದ ಬರೆದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಕಾಗದ ಬಂದ ಮೇಲೂ ದೀಪದ ಕಾಡಿಗೆಯ ಮಸಿ ಬಹುಕಾಲ ನಡೆಯಿತು. ಮಸಿಯೆಂಬ ಮಾತಿಗೆ ಕಾಡಿಗೆಯೆಂಬುದೇ ಅರ್ಥ. ಕಾಡಿಗೆಯ ಮಸಿ ಕಾಗದದ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ; ನೀರು ಬಿದ್ದರೆ ಹರಡೀತು, ಆದರೆ ನೂರಾರು ವರ್ಷವಾದರೂ ಕಪ್ಪಾಗಿಯೇ ಉಳಿದು ಕಾಗದಕ್ಕೆ ಕೇಡು ಮಾಡುವುದಿಲ್ಲ.

ಗಂಟಿನ ಶಾಯಿ ಹಾಗಲ್ಲ. ಅನ್ನಭೇದಿ ಹೆಚ್ಚಾಗಿ ಬಿದ್ದ ಶಾಯಿಯಲ್ಲಿ ಆಮ್ಲವೂ ಬಿಡಿಯಾದ ಕಬ್ಬಿಣವೂ ಉಳಿದು, ಒಳಗೊಳಗೇ ಕಾಗದದ ನಾರನ್ನು ತಿನ್ನುತ್ತವೆ. ಹದವಾಗಿ ಮಾಡಿದ ಶಾಯಿ ನಿಲ್ಲುತ್ತದೆ. ನಾಲ್ಕನೆಯ ಶತಮಾನದ ಸೈನಾಯ್ ಬೈಬಲಿನ ಚರ್ಮದ ಹಾಳೆಗಳು ಇಂಥ ಶಾಯಿಯಲ್ಲಿ ಬರೆದವು, ಇಂದಿಗೂ ಓದಬಹುದು. ಹದ ತಪ್ಪಿದ್ದರೆ ಗತಿ ಬೇರೆ. ಜರ್ಮನಿಯ ಮಹಾಸಂಗೀತಗಾರ ಬಾಖ್ ತನ್ನ ಕೈಯಾರೆ ಬರೆದ ಸ್ವರಲಿಪಿಯ ಹಾಳೆಗಳಲ್ಲಿ ಎಷ್ಟೋ ಕಡೆ ಸ್ವರಗಳಿದ್ದ ಜಾಗ ತೂತಾಗಿದೆ. ಬರ್ಲಿನ್ನಿನ ಗ್ರಂಥಾಲಯದವರು ಒಂದೊಂದು ಹಾಳೆಯನ್ನೂ ದಪ್ಪದಲ್ಲಿ ಎರಡಾಗಿ ಸೀಳಿ, ನಡುವೆ ತೆಳುಕಾಗದ ಸೇರಿಸಿ ಮತ್ತೆ ಅಂಟಿಸಬೇಕಾಯಿತು.

ತಮ್ಮ ಮನೆಯ ಅಟ್ಟದ ಮೇಲೆಯೂ ಒಂದು ತಗಡಿನ ಪೆಟ್ಟಿಗೆ ಇರಬಹುದು: ಅಜ್ಜನ ಕಾಲದ ಕ್ರಯಪತ್ರ, ಗೇಣಿಚೀಟಿ, ಪಾಲುಪಟ್ಟಿ, ಕನ್ನಡದಲ್ಲಿಯೋ ಮೋಡಿಯಲ್ಲಿಯೋ ಬರೆದ ಅಡಿಕೆಯ ಲೆಕ್ಕ. ಮಳೆಗಾಲ ಕಳೆದು ಬಿಸಿಲು ನೆಲೆನಿಂತ ಒಂದು ದಿನ ಅದನ್ನು ಕೆಳಗಿಳಿಸಿ ನೋಡಿ. ಅಕ್ಷರಗಳು ಅಚ್ಚಕಪ್ಪಾಗಿದ್ದು ಕಾಗದದ ಮೇಲೆ ಕುಳಿತಂತೆ ಕಂಡರೆ ಅದು ಕಾಡಿಗೆಯ ಮಸಿ. ನೀರು ಸೋಕಿಸದಿದ್ದರೆ ಸಾಕು. ಅಕ್ಷರಗಳು ಕಂದಾಗಿ, ಅಂಚಿನಲ್ಲಿ ಕಂದುನೆರಳು ಹರಡಿದ್ದರೆ ಅದು ಗಂಟಿನ ಶಾಯಿ. ಅಂಥ ಹಾಳೆಯನ್ನು ಮಡಿಕೆಯಲ್ಲಿ ಮತ್ತೆ ಮಡಿಸಬಾರದು, ಪ್ಲಾಸ್ಟಿಕ್ಕಿನಲ್ಲಿ ಕಾಯಿಸಿ ಮುಚ್ಚಿಸಬಾರದು, ಒದ್ದೆಬಟ್ಟೆಯಲ್ಲಿ ಒರೆಸಬಾರದು. ಈ ಶಾಯಿಯ ಕೇಡು ತೇವದಲ್ಲಿ ಹೆಚ್ಚುತ್ತದೆ, ಮಲೆನಾಡಿನ ನಾಲ್ಕು ತಿಂಗಳ ಥಂಡಿಗಿಂತ ಹೆಚ್ಚಿನ ಶತ್ರು ಅದಕ್ಕಿಲ್ಲ. ಶಾಯಿಯ ಕಬ್ಬಿಣ ಪಕ್ಕದ ಹಾಳೆಗೂ ದಾಟುವುದರಿಂದ ನಡುನಡುವೆ ಬಿಳಿಯ ಒಳ್ಳೆಯ ಕಾಗದ ಇಟ್ಟು, ಹರವಾಗಿ, ಒಣಗಿದ ಜಾಗದಲ್ಲಿರಿಸಬೇಕು. ಮೊದಲು ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಮೇಲು. ಹಾಲೆಂಡಿನಲ್ಲಿ ಇದಕ್ಕೆ ಫೈಟೇಟ್ ಎಂಬ ಲವಣದ ಚಿಕಿತ್ಸೆಯನ್ನು ಕಂಡುಹಿಡಿದಿದ್ದಾರೆ. ಅದು ಬಲ್ಲವರ ಕೈಯ ಕೆಲಸ, ಮನೆಯಲ್ಲಿ ಮಾಡುವುದಲ್ಲ. ಹಾಳೆಯನ್ನು ತಿರುವಿ ಬೆನ್ನನ್ನೂ ನೋಡಿ. ಅಲ್ಲಿ ಬರಹ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡಿದ್ದರೆ ಶಾಯಿ ಆಚೆಗೆ ದಾಟಿದೆಯೆಂದು ಅರ್ಥ. ಅಂಥದನ್ನು ಕೈಯಲ್ಲಿ ಎತ್ತಬೇಡಿ, ಅಡಿಗೆ ಒಂದು ಗಟ್ಟಿ ರಟ್ಟನ್ನು ಸರಿಸಿ ರಟ್ಟಿನೊಡನೆಯೇ ಎತ್ತಿ.